ಮದೂರೊ ಸಿಗಾರ್: ಅರ್ಧ ದಾಟಿದ್ಮೇಲೆ ಕಹಿ. ತಪ್ಪು ಎಲೆಯದ್ದೋ, ಸೇದೋನದ್ದೋ?

ಎಲೆಮರೆ
ಕನೆಕ್ಟಿಕಟ್ ಬ್ರಾಡ್‌ಲೀಫ್ (ಅಮೆರಿಕದ ಅಗಲ ಎಲೆಯ ಹೊಗೆಸೊಪ್ಪು) ಹೊರಹೊದಿಕೆಯ ರೊಬಸ್ಟೊ ಅಳತೆಯ ಸಿಗಾರ್, ಉದ್ದ 5 ಇಂಚು, ದಪ್ಪ 50 ರಿಂಗ್. ಇಟ್ಟಿದ್ದು 70% ತೇವಾಂಶದಲ್ಲಿ. ಶುರುವಿನಲ್ಲಿ ಕೋಕೊ, ಸುಟ್ಟ ಬೆಲ್ಲ. ಅರ್ಧ ದಾಟಿದ್ದೇ ಬರೀ ಕಹಿ. ಉರಿ ಒಂದೇ ಮಗ್ಗುಲಿಗೆ ಓಡುತ್ತೆ, ತುಟಿಗೆ ಬಣ್ಣ ಅಂಟುತ್ತೆ. ಇಷ್ಟು ಕಪ್ಪಗಿದ್ದೂ ತಲೆಗೆ ಹತ್ತಲ್ಲ. ಇದಕ್ಕೆ ಅಂಕ ಕೊಡೋದು ಹೇಗೆ?

ಬೂದಿಗುಂಡ
ಕಪ್ಪಿಗೂ ಕಿಕ್ಕಿಗೂ ಸಂಬಂಧ ಇಲ್ಲ ಸಾರ್. ಮದೂರೊ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಮಾಗಿದ್ದು. ದಪ್ಪ ಎಲೆಯನ್ನ ತೇವ ಮಾಡಿ ರಾಶಿ ಒಟ್ಟಿ, ಅದರದ್ದೇ ಕಾವಿನಲ್ಲಿ ತಿಂಗಳುಗಟ್ಟಲೆ ಹುದುಗಿಸ್ತಾರೆ. ಆಗಾಗ ರಾಶಿ ಒಡೆದು ಒಳಗಿನದ್ದನ್ನ ಹೊರಗೆ ಹಾಕಿ ಮತ್ತೆ ಕಟ್ಟಬೇಕು. ಅಮೋನಿಯ ಹೋಗುತ್ತೆ, ಬಣ್ಣ ಗಾಢ ಆಗುತ್ತೆ. ತಲೆಗೆ ಹತ್ತಿಸೋದು ಹೆಚ್ಚಾಗಿ ಸಿಗಾರಿನ ಹೊಟ್ಟೆಯೊಳಗೆ ತುಂಬಿದ ಲಿಗೆರೊ, ಅಂದ್ರೆ ಗಿಡದ ಮೇಲ್ಭಾಗದ ಎಲೆ.

ಬಣ್ಣದ ಅನುಮಾನಕ್ಕೆ ಒದ್ದೆ ಬಿಳಿ ಟಿಶ್ಯೂ ಒತ್ತಿ ನೋಡಿ. ಟೀ ಕಲೆಯಂಥ ತಿಳಿ ಕಂದು ಬಂದ್ರೆ ಅದು ಎಲೆಯದ್ದೇ. ನರವೂ ಸೇರಿ ಬೂಟ್ ಪಾಲಿಶ್ ಬಳಿದ ಹಾಗೆ ಒಂದೇ ಸಮ ಕಪ್ಪಿದ್ದು, ಟಿಶ್ಯೂಗೆ ಮಸಿ ಹತ್ತಿದ್ರೆ ನಾನಂತೂ ನಂಬಲ್ಲ. ಒಳ್ಳೆ ಬ್ರಾಡ್‌ಲೀಫ್ ಒರಟಾಗಿ, ಮಚ್ಚೆ ಮಚ್ಚೆಯಾಗಿ ಇರುತ್ತೆ. ಅಂದಕ್ಕೆ ಅಂಕ ಕಳೀಬೇಡಿ.

ಸಂಜೆಗಾಳಿ
ನಿಮ್ಮ ಅರ್ಧ ತೊಂದರೆ ಆ 70ರಲ್ಲೇ ಇದೆ. ದಪ್ಪ, ಎಣ್ಣೆ ಎಣ್ಣೆ ಎಲೆ ಮೊದಲೇ ನಿಧಾನ ಉರಿಯೋದು. ತೇವ ಹೆಚ್ಚಾದ್ರೆ ಹೊದಿಕೆ ಹಿಂದೆ ಬಿದ್ದು ಹೊಟ್ಟೆ ಮುಂದೆ ಉರಿಯುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ತೇವಾಂಶವನ್ನ 65%ಗೆ ಹಿಡಿದಿಡೋ ಪ್ಯಾಕ್ ಹಾಕಿ ಎರಡು ಮೂರು ವಾರ ಬಿಡಿ.

ಬಾಯಿಕಡೆಯ ತುದಿಗೆ ಅಂಟಿಸಿದ ಎಲೆಚೂರು, ಅಂದ್ರೆ ಟೋಪಿ; ಅದರ ಗೆರೆಗಿಂತ ಮೇಲೆ, ಸುಮಾರು 2 ಮಿ.ಮೀ. ಮಾತ್ರ ಕತ್ತರಿಸಿ. ಗೆರೆ ದಾಟಿದ್ರೆ ಹೊದಿಕೆ ಬಿಚ್ಚಿಕೊಳ್ಳುತ್ತೆ. ಬ್ಯೂಟೇನ್ ಲೈಟರಿನ ಜ್ವಾಲೆ ತಾಗಿಸದೆ, ಸುತ್ತ ಅಂಚು ಕೆಂಪಾಗೋವರೆಗೆ ತಿರುಗಿಸ್ತಾ ಕಾಯಿಸಿ, ಆಮೇಲೆ ಎಳೀರಿ. ಈ ಹಂತದಲ್ಲಿ ಅವಸರ ಮಾಡಿದ್ರೆ ಉರಿ ಮಗ್ಗುಲಿಗೆ ಓಡೋದು ಗ್ಯಾರಂಟಿ.

ಕಹಿಗೆ ಕಾರಣ ಬಿಸಿ. ನಿಮಿಷಕ್ಕೊಂದು ಎಳೆತ ಸಾಕು. ಬೇಗ ಬೇಗ ಎಳೆದ್ರೆ ಟಾರ್ ಬಾಯಿಕಡೆಯ ತುದಿಗೆ ಬಂದು ಕೂರುತ್ತೆ. ಕಹಿ ಶುರುವಾದ್ರೆ ಮೆಲ್ಲಗೆ ಹೊರಗೆ ಊದಿ, ಎರಡು ನಿಮಿಷ ಬಿಡಿ. ಆಮೇಲೂ ಹೋಗದಿದ್ರೆ ಮಾತ್ರ ಎಲೆಗೆ ಬೈಯಿರಿ.

ಬೂದಿಗುಂಡ
ಅಂಕಕ್ಕೆ: ಹಚ್ಚೋ ಮುಂಚೆ ಒಣ ಎಳೆತದ ರುಚಿ ಬರ್ಕೊಳ್ಳಿ. ತುಟಿಗೇ ಸಿಹಿ ತಾಗಿದ್ರೆ ಟೋಪಿಗೆ ಸಿಹಿ ಸವರಿದ್ದಾರೆ, ಹುದುಗಿನ ಸಿಹಿ ಅಲ್ಲ ಅದು. ಆಮೇಲೆ ಸಿಗಾರಿನ ಉದ್ದವನ್ನ ಮೂರು ಭಾಗ ಮಾಡ್ಕೊಂಡು, ಒಂದೊಂದಕ್ಕೂ ಬೇರೆ ಬೇರೆ ಟಿಪ್ಪಣಿ. ಬಾಯಲ್ಲಿರೋ ಹೊಗೆಯಲ್ಲಿ ಸ್ವಲ್ಪವನ್ನ ಮೂಗಿನಿಂದ ಬಿಡಿ. ಮೆಣಸಿನ ಘಾಟು, ಹುರಿದ ಕಾಫಿಬೀಜ, ಒಣಖರ್ಜೂರ ಬೇರೆಯಾಗಿ ಗೊತ್ತಾಗೋದು ಅಲ್ಲೇ. ಎದೆಗೆ ಎಳೀಬೇಡಿ, ಎಳೀದಿದ್ರೂ ಬಾಯಿಗೆ ಅಪಾಯ ಇದ್ದದ್ದೇ. ಜೊತೆಗೆ ಬರೀ ನೀರು. ಅದೇ ಪೆಟ್ಟಿಗೆಯಿಂದ ಬೇರೆ ಬೇರೆ ದಿನ ಮೂರು ಸೇದದೆ ಅಂಕ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಎಲೆಮರೆ
ಸರಿ, 65ಕ್ಕೆ ಇಳಿಸ್ತೀನಿ. ಇನ್ನೊಂದು: ನಮ್ಮ ಹುಣಸೂರಿನ ಹೊಗೆಸೊಪ್ಪಿನಿಂದ ಇಂಥ ಹೊದಿಕೆ ಆಗಲ್ವಾ?

ಸಂಜೆಗಾಳಿ
ಆಗಲ್ಲ. ಅದನ್ನ ಬ್ಯಾರನ್‌ನಲ್ಲಿ, ಅಂದ್ರೆ ಸೊಪ್ಪು ಒಣಗಿಸೋ ಮನೆಯಲ್ಲಿ, ಬಿಸಿಗಾಳಿ ಕೊಟ್ಟು ಒಂದು ವಾರದೊಳಗೆ ಹಳದಿ ಮಾಡಿ ಒಣಗಿಸ್ತಾರೆ. ಎಲೆಯಲ್ಲಿ ಸಕ್ಕರೆ ಉಳಿಯುತ್ತೆ, ಸಿಗರೇಟಿಗೆ ಬೇಕಾದ್ದು ಅದೇ. ಬ್ರಾಡ್‌ಲೀಫನ್ನ ಗಿಡದ ಸಮೇತ ಕಡಿದು ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ನೇತುಹಾಕಿ ವಾರಗಟ್ಟಲೆ ಗಾಳಿಗೆ ಬಿಡ್ತಾರೆ. ಸಕ್ಕರೆ ಬಹುಪಾಲು ಅಲ್ಲೇ ಕರಗಿಹೋಗಿರುತ್ತೆ.