ಪದಚರ್ಚೆ: "ಗಾಡಿ ಕೈಯಾಡಿಸೋದು" ಅಂದ್ರೆ ನಿಮ್ಮ ಕಡೆ ಅರ್ಥ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ನಾನಿರೋದು ಪುಣೆಯ ನಿಗಡಿಯಲ್ಲಿ, ಊರು ಧಾರವಾಡದ ಹತ್ರ. ಮೂರು ವರ್ಷದಿಂದ ಭಾನುವಾರ ಭಾನುವಾರ ನಾನು ಮಾಡ್ತಾ ಇರೋ ಒಂದು ಕೆಲಸಕ್ಕೆ ಕನ್ನಡದಲ್ಲಿ ಏನಂತ ಹೇಳ್ಬೇಕು ಅಂತ ಗೊತ್ತಾಗದೆ ಇಲ್ಲಿ ಕೇಳ್ತಿದೀನಿ.

ಕೆಲಸ ಏನಂದ್ರೆ, ನನ್ನ ಹತ್ರ 2003ರ ಒಂದು ಟೆಂಪೋ ಟ್ರಾವೆಲರ್ ಇದೆ, ದಕ್ಷಿಣ ಕರ್ನಾಟಕದವರು ಟಿಟಿ ಅಂತಾರಲ್ಲ ಅದು. ಮುಂದಗಡೆ ಇನ್ನೂ ಬಜಾಜ್ ಟೆಂಪೋ ಅನ್ನೋ ಹೆಸರೇ ಇದೆ, ಫೋರ್ಸ್ ಮೋಟಾರ್ಸ್ ಅಂತ ಕಂಪನಿ ಹೆಸರು ಬದಲಾಗಿದ್ದು 2005ರಲ್ಲಿ. ಗೋವಾದಲ್ಲಿ ಯಾರೋ ಅದರ ಸೀಟೆಲ್ಲಾ ಕಿತ್ತು ಒಳಗೆ ಹಾಸಿಗೆ, ಒಲೆ, ಸಿಂಕು, ನೀರಿನ ಟ್ಯಾಂಕು ಹಾಕಿಸಿ ಮನೆ ಥರ ಮಾಡ್ಕೊಂಡಿದ್ರು, ಅವರಿಂದ ನಾನು ತಗೊಂಡೆ. ಅವತ್ತಿಂದ ಅದನ್ನ ಒಂದೊಂದಾಗಿ ಸರಿ ಮಾಡ್ತಾ, ಹೊಸದು ಸೇರಿಸ್ತಾ ಬಂದಿದೀನಿ.

ಮೊದಲು ಪದದ ಎಡವಟ್ಟು ಆಗಿದ್ದು ಇಲ್ಲಿನ ಗ್ಯಾರೇಜಲ್ಲಿ. ಇಷ್ಟೆಲ್ಲಾ ಯಾಕೆ ಮಾಡ್ತೀರಿ ಅಂತ ಮೆಕ್ಯಾನಿಕ್ ಹುಡುಗ ಕೇಳಿದ, ನಾನು ಮರಾಠಿಯಲ್ಲಿ "ಹಾ ಮಾಝಾ ಹವ್ಯಾಸ್ ಆಹೇ" ಅಂದೆ. ಅವನ ಮುಖವೇ ಬದಲಾಯ್ತು. "ಕಾಕಾ, ಹವ್ಯಾಸ್ ನಕೋ, ಛಂದ್ ಮ್ಹಣಾ" ಅಂದ, ಹವ್ಯಾಸ್ ಬೇಡ, ಛಂದ್ ಅನ್ನಿ ಅಂತ. ಮರಾಠಿಯಲ್ಲಿ ಹವ್ಯಾಸ ಅಂದ್ರೆ ದುರಾಸೆ, ಅತಿಯಾದ ಹಪಾಹಪಿ. ನಾವು ಹವ್ಯಾಸ ಅನ್ನೋದಕ್ಕೆ ಅವರು ಛಂದ ಅಂತಾರೆ. ನಮ್ಮಲ್ಲಿ ಅದೇ ಪದ ಒಂದೋ ಪದ್ಯದ ಛಂದಸ್ಸಿನ ಕಡೆ ಹೋಗುತ್ತೆ ಇಲ್ಲಾ ಚಂದದ ಕಡೆ ಹೋಗುತ್ತೆ. ನಾದ ಅನ್ನೋದೊಂದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ನಮ್ಮ ಊರಲ್ಲೂ "ಗಾಡಿ ನಾದ ಹಚ್ಚಿಕೊಂಡಾನ" ಅಂತಾರೆ, ಆದರೆ ಅದರಲ್ಲಿ ಸ್ವಲ್ಪ ದೂರು ಇದೆ, ಮನೆ ಮರ್ತು ಅದರ ಹಿಂದೆ ಬಿದ್ದಿದಾನೆ ಅನ್ನೋ ಹಾಗೆ. ನನ್ನ ಕೆಲಸಕ್ಕೆ ಆ ದೂರು ಬೇಡ.

ಗಾಡಿಯ ಹೆಸರಿನ ತೊಂದರೆ ಬೇರೆ. ಮನೆಗಾಡಿ ಅಂತ ನಾನೇ ಮಾಡ್ಕೊಂಡಿದ್ದೆ, ಕೈಗಾಡಿ ತಳ್ಳುಗಾಡಿ ಇದ್ದ ಹಾಗೆ. ಅಕ್ಕಂಗೆ ಫೋನಲ್ಲಿ "ಮನೆಗಾಡಿ ಕೆಲಸ ಮಾಡ್ತಿದ್ದೆ" ಅಂದ್ರೆ "ಮನಿ ಗಾಡಿ ಅಂದ್ರ ಯಾವುದೋ, ಸ್ಕೂಟರೋ ಕಾರೋ?" ಅಂದ್ಲು. ಅವಳ ಕಿವಿಗೆ ಮನೆಗಾಡಿ ಅಂದ್ರೆ ಸ್ವಂತ ಗಾಡಿ, ಬಾಡಿಗೆದಲ್ಲ ಅಂತ. ಅದು ಸರಿಯೇ. ಅದಕ್ಕೆ ತಿರುಗಿಸಿ ಗಾಡಿಮನೆ ಅಂತ ಶುರು ಮಾಡಿದೆ, ಕಾಶ್ಮೀರದ ದೋಣಿಮನೆ ಇದ್ದ ಹಾಗೆ, ಕೊನೇ ಪದ ಮನೆ ಆದ್ದರಿಂದ ಇದು ಮೊದಲು ಮನೆ ಆಮೇಲೆ ಗಾಡಿ ಅಂತ ಕೇಳಿದವರಿಗೆ ತಕ್ಷಣ ಹೊಳೆಯುತ್ತೆ. ಮುಂಬೈನ ಗೆಳೆಯರು ಅದನ್ನ ನೋಡಿ ವ್ಯಾನಿಟಿ ವ್ಯಾನ್ ಅಂದ್ರು, ಅಲ್ಲಿ ಶೂಟಿಂಗಿನ ಗಾಡಿಗಳನ್ನ ನೋಡಿ ನೋಡಿ ಬಂದಿರೋ ಮಾತು. ಇಲ್ಲೇ ಕೋಥ್ರೂಡ್ ಗುಡ್ಡದ ಮೇಲಿರೋ ಎಆರ್‌ಎಐ ಅನ್ನೋ ವಾಹನ ಪರೀಕ್ಷಾ ಸಂಸ್ಥೆ ಹೊರಡಿಸಿರೋ ಎಐಎಸ್-124 ಅನ್ನೋ ನಿಯಮದಲ್ಲಿ ಇಂಥ ಗಾಡಿಗೆ ಮೋಟಾರ್ ಕ್ಯಾರವಾನ್ ಅಂತ ಹೆಸರು. ಕ್ಯಾರವಾನ್ ಪಾರಸಿಯಿಂದ ಬಂದಿದ್ದು, ಮೂಲದಲ್ಲಿ ಗಾಡಿಯೇ ಅಲ್ಲ, ಒಟ್ಟಿಗೆ ಪಯಣ ಮಾಡೋ ಜನರ ಗುಂಪು, ನಮ್ಮ ಹಳೇ ಪುಸ್ತಕಗಳ ಸಾರ್ಥ. ನಾವು ದಿನಾ ಹೇಳೋ ವ್ಯಾನ್ ಅನ್ನೋದು ಇಂಗ್ಲಿಷಲ್ಲಿ ಅದೇ ಪದದ ತಲೆ ಕತ್ತರಿಸಿ ಉಳಿದ ಬಾಲ. ಹಾಗಾಗಿ ಗಾಡಿಮನೆ ನನಗೆ ಸಾಕು, ಅದರ ಬಗ್ಗೆ ಜಾಸ್ತಿ ಎಳೆಯಲ್ಲ.

ನಿಜವಾದ ಪ್ರಶ್ನೆ ಕ್ರಿಯಾಪದದ್ದು.

ರಿಪೇರಿ, ದುರಸ್ತಿ ಎರಡೂ ಸಾಲದು. ಕೆಟ್ಟಿತ್ತು, ಸರಿ ಮಾಡಿದೆ, ಮುಗೀತು ಅನ್ನೋ ಕೆಲಸಕ್ಕೆ ರಿಪೇರಿ ಸರಿ. ನನ್ನ ಗಾಡೀಲಿ ಅಂಥ ಕೆಲಸ ಇತ್ತು, ಛಾವಣಿಯಲ್ಲಿ ಗಾಳಿಗೆ ಅಂತ ಹಿಂದೆ ಕೊರೆದಿದ್ದ ಕಿಂಡಿ ಸುತ್ತ ನೀರು ಇಳಿದು ಇಳಿದು ಒಳಗಿನ ಪ್ಲೈವುಡ್ ಲಡ್ಡು ಹಿಡಿದಿತ್ತು, ಬೆರಳಲ್ಲಿ ಒತ್ತಿದ್ರೆ ಪುಡಿ ಆಗ್ತಿತ್ತು, ಅದನ್ನ ಪೂರ್ತಿ ತೆಗೆದು ಕಿಂಡಿ ಸುತ್ತ ನೀರು ಇಳಿಯದ ಹಾಗೆ ಸಂದು ಮುಚ್ಚೋ ಅಂಟು, ಅಂದ್ರೆ ಹೊಸ ಸೀಲಂಟ್, ಹಾಕಿದೆ. (ಇಲ್ಲಿ ಒಂದು ಸಂತೋಷದ ಮಾತು, ಸಮುದ್ರದ ಉಪ್ಪುಗಾಳಿಗೆ ಗಾಡಿಯ ಅಡಿ ಚೌಕಟ್ಟಿಗೆ, ಅಂದ್ರೆ ಚಾಸಿಸ್ಸಿಗೆ, ಹಿಡಿದಿದ್ದು ತುಕ್ಕು, ಊರಲ್ಲಿ ಜಂಗು ಅಂತಾರೆ, ಆದರೆ ಅರ್ತಿಂಗ್ ವೈರಿನ ತಾಮ್ರದ ತುದಿಗೆ ಹಸಿರಾಗಿ ಕೂತಿದ್ದು ಕಿಲುಬು, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ರೆ ಬರುತ್ತಲ್ಲ ಅದೇ. ಅವ್ವನ ಅಡುಗೆಮನೆಯ ಪದ ನನ್ನ ವೈರಿಂಗಿಗೆ ನೇರವಾಗಿ ಬಂತು.)

ಆದರೆ ಬ್ಯಾಟರಿ ನೋಡಿ. ಹಳೇ ಆಸಿಡ್ ಬ್ಯಾಟರಿ ಕೆಟ್ಟಿರಲಿಲ್ಲ. ಅದನ್ನ ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಿದ್ರೆ ಬೇಗ ಸಾಯುತ್ತೆ, ಹಾಗಾಗಿ ಇದ್ದಿದ್ರಲ್ಲಿ ಅರ್ಧ ಮಾತ್ರ ಬಳಸಬಹುದು. ಅದಕ್ಕೆ 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದೆ, ಲೆಕ್ಕಕ್ಕೆ 1280 ವಾಟ್-ಅವರ್, ಹೆಚ್ಚುಕಡಿಮೆ ಎಲ್ಲಾ ಬಳಸಬಹುದು. ಹಾಕಿದ ಮೇಲೆ ಗೊತ್ತಾಯ್ತು ಈ ಬ್ಯಾಟರಿ ಕರೆಂಟನ್ನ ಗಟಗಟ ಕುಡಿಯುತ್ತೆ, ಇಂಜಿನ್ನಿನ ಜೊತೆ ತಿರುಗಿ ಕರೆಂಟ್ ಮಾಡೋ ಹಳೇ ಆಲ್ಟರ್ನೇಟರ್ ಕಾದುಹೋಗುತ್ತೆ ಅಂತ, ಅದಕ್ಕೆ ನಡುವೆ ಕರೆಂಟನ್ನ ಹಿಡಿತದಲ್ಲಿ ಬಿಡೋ ಡಿಸಿ ಟು ಡಿಸಿ ಚಾರ್ಜರ್ ಬೇಕಾಯ್ತು, ಚಾರ್ಜರ್ ಬಂದಮೇಲೆ ದಪ್ಪ ವೈರ್ ಬೇಕಾಯ್ತು, ವೈರ್ ಎಳೆಯೋಕೆ ನೆಲದ ಹಲಗೆ ತೆಗೆದ್ರೆ ಅಡಿಯಲ್ಲಿ ಇನ್ನೊಂದು ಕಡೆ ತುಕ್ಕು ಕಾಣಿಸ್ತು. ಹೀಗೆ ಒಂದು ಕೆಲಸ ಇನ್ನೊಂದನ್ನ ಕರೀತಾ ಹೋಗುತ್ತೆ, ನನಗೆ ಅದೇ ಇಷ್ಟ. ಇದನ್ನ ರಿಪೇರಿ ಅನ್ನೋಕಾಗಲ್ಲ. ಪೇಪರಿನವರ "ಮೇಲ್ದರ್ಜೆಗೇರಿಸುವುದು" ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸರಿ, ಬ್ಯಾಟರಿಗಲ್ಲ. ಜೀರ್ಣೋದ್ಧಾರಕ್ಕೆ ದೇವಸ್ಥಾನವೇ ಬೇಕು. ಟಿಂಕರಿಂಗ್ ಅನ್ನೋಣ ಅಂದ್ರೆ ನಮ್ಮ ಗ್ಯಾರೇಜ್ ಬೋರ್ಡುಗಳಲ್ಲಿ ಅದು ತಗ್ಗು ತಟ್ಟಿ ಬಾಡಿ ನೆಟ್ಟಗೆ ಮಾಡೋದು, ಪುಣೆಯಲ್ಲಿ ಅದಕ್ಕೆ ಡೆಂಟಿಂಗ್ ಅಂತಾರೆ. ಬಾಣಂತನ ಮಾಡೋದು ಅಂತ ಕೆಲವರು ಹಳೇ ಗಾಡಿ ಬಗ್ಗೆ ಹೇಳ್ತಾರೆ, ಅದರಲ್ಲಿ ಆರೈಕೆ ಇದೆ, ಹೊಸದು ಸೇರಿಸೋದು ಇಲ್ಲ.

ಹೋದ ಮೇ ತಿಂಗಳು ಮಳೆಗೆ ಮುಂಚೆ ಆ ಕಿಂಡಿಯ ಸೀಲಂಟ್ ಮತ್ತೆ ನೋಡ್ಬೇಕು ಅಂತ ಗಾಡಿ ಮೇಲೆ ಹತ್ತಿ ಕೂತಿದ್ದಾಗ ಅಪ್ಪನ ಮಾತು ನೆನಪಾಯ್ತು, "ಮಳಿ ಬರೂದ್ರಾಗ ಹಂಚ ಕೈಯಾಡಿಸಬೇಕು." ಪ್ರತಿ ವರ್ಷ ಏಣಿ ಹಾಕಿ ಮೇಲೆ ಹತ್ತಿ, ಮಂಗ್ಯಾ ಜಿಗಿದು ಸರಿದಿರೋ ಹಂಚನ್ನ ಜಾಗಕ್ಕೆ ಕೂರಿಸಿ, ಒಡೆದಿದ್ದನ್ನ ಬದಲಿಸಿ, ಮನಸ್ಸಿಗೆ ಬಂದ್ರೆ ಬೆಳಕಿಗೆ ಅಂತ ಒಂದು ಗಾಜಿನ ಹಂಚೂ ಸೇರಿಸಿ ಇಳಿಯೋರು. ರಿಪೇರಿನೂ ಆಯ್ತು, ಹೊಸದೂ ಆಯ್ತು, ಮುಂದಿನ ವರ್ಷ ಮತ್ತೆ ಇದ್ದೇ ಇದೆ. ನನ್ನ ಕೆಲಸಕ್ಕೆ ಅಳತೆ ತಗೊಂಡು ಹೊಲಿದ ಹಾಗೆ ಇದೆ ಆ ಪದ.

ಆದರೆ ವಿಭಕ್ತಿ ಬದಲಾದ್ರೆ ಅರ್ಥ ಜಾರುತ್ತೆ. ವಿಭಕ್ತಿ ಇಲ್ಲದೆ "ಹಂಚು ಕೈಯಾಡಿಸು", "ಪಾಯಸ ತಳ ಹಿಡೀತದ, ಕೈಯಾಡಿಸು" ಅಂದ್ರೆ ಬಿಡದೆ ನೋಡ್ಕೊಳ್ಳೋದು. "ಕಾವ್ಯದಲ್ಲೂ ಕೈಯಾಡಿಸಿದ್ದಾರೆ" ಅಂದ್ರೆ ಮೇಲೆ ಮೇಲೆ ಪ್ರಯತ್ನ ಪಟ್ಟಿದ್ದು, ಆಳ ಇಲ್ಲ. "ಡಬ್ಬಿಯಲ್ಲಿ ಕೈಯಾಡಿಸಿದ" ಅಂದ್ರೆ ತಡಕಾಡಿದ. "ತಲೆ ಮೇಲೆ ಕೈಯಾಡಿಸಿದಳು" ಅಂದ್ರೆ ಮುದ್ದು. ಹಾಗಾಗಿ ನಾನು "ಗಾಡಿಯಲ್ಲಿ" ಅನ್ನದೆ "ಗಾಡಿ ಕೈಯಾಡಿಸ್ತಿದೀನಿ" ಅಂತಲೇ ಹೇಳ್ತೀನಿ, ಅಕ್ಕಂಗೆ ಒಂದೇ ಸಲಕ್ಕೆ ಅರ್ಥ ಆಯ್ತು, ಆದರೆ ಅವಳು ಅದೇ ಹಂಚಿನ ಮನೆಯವಳು.

ಅದಕ್ಕೆ ಕೇಳೋದು, ಮೈಸೂರು, ಶಿವಮೊಗ್ಗ, ಕಲಬುರಗಿ ಕಡೆಯವರಿಗೆ ಈ ಪ್ರಯೋಗ ಕಿವಿಗೆ ಹೇಗೆ ಬೀಳುತ್ತೆ? ನಿಮ್ಮಲ್ಲಿ ಹಂಚಿಗೆ ಈ ಪದ ಇದೆಯಾ, ಬೇರೆ ಇದೆಯಾ? ಇದರಿಂದ ಕೈಯಾಡಿಕೆ ಅಂತ ನಾಮಪದ ಯಾರಾದ್ರೂ ಆಡೋದನ್ನ ಕೇಳಿದೀರಾ? ಇನ್ನೊಂದು, ಉತ್ತರ ಕನ್ನಡ, ಉಡುಪಿ, ಮಂಗಳೂರಿನವರು ದಯವಿಟ್ಟು ಹೇಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತಲ್ಲ, ಆ 61 ದಿನದಲ್ಲಿ ದೋಣಿ ದಡಕ್ಕೆ ತಂದು ಹಲಗೆ, ಬಣ್ಣ, ಇಂಜಿನ್ ಎಲ್ಲಾ ನೋಡ್ಕೊಳ್ಳೋ ಕೆಲಸಕ್ಕೆ ಮನೆಯಲ್ಲಿ ಆಡುಮಾತಲ್ಲಿ ಏನಂತೀರಿ? ಕನ್ನಡ, ಕೊಂಕಣಿ, ತುಳು ಯಾವುದಾದರೂ ಸರಿ, ಒಂದು ಪೂರ್ತಿ ವಾಕ್ಯದಲ್ಲಿ ಬರೆದು ತಿಳಿಸಿ, ವಿಭಕ್ತಿ ಎಲ್ಲಿ ಬರುತ್ತೆ ಅಂತ ನೋಡ್ಬೇಕು.