ಸಹಾಯ ಬೇಕು: ಮಂಗಳೂರಿನಿಂದ ಯುರೋಪಿಗೆ ಕಾಫಿ, ಕಡಿಮೆ ಹೊಗೆಯ ಹಡಗಿನಲ್ಲಿ

ಎಲ್ಲರಿಗೂ ನಮಸ್ಕಾರ. ಸಣ್ಣ ಕಾಫಿ ರಫ್ತುದಾರರಿಗಾಗಿ ಒಂದು ಪುಟದ ಮಾರ್ಗದರ್ಶಿ ತಯಾರಾಗುತ್ತಿದೆ. ಮುಖ್ಯವಾಗಿ ಎರಡು ಕಡೆ ನಿಮ್ಮ ಅನುಭವ ಬೇಕು.

ಮೊದಲನೆಯದು ಕರಾರು. ಎಫ್‌ಒಬಿ (ಸರಕನ್ನು ಹಡಗಿಗೆ ಹತ್ತಿಸುವವರೆಗೆ ಮಾತ್ರ ಮಾರುವವನ ಹೊಣೆ) ಮಾರಾಟದಲ್ಲಿ ಹಡಗಿನ ಬಾಡಿಗೆ ಕಟ್ಟುವವನು ಖರೀದಿದಾರ, ಆಯ್ಕೆಯೂ ಅವನದೇ. ಹಾಗಾಗಿ ಕಡಿಮೆ ಹೊಗೆಯ ಇಂಧನಕ್ಕೆ ರಫ್ತುದಾರನನ್ನು ಮಾತ್ರ ಒಪ್ಪಿಸಿ ಉಪಯೋಗವಿಲ್ಲ. ಜೈವಿಕ ಇಂಧನದ ಹೆಚ್ಚುವರಿ ವೆಚ್ಚವನ್ನು ಇಬ್ಬರೂ ಹಂಚಿಕೊಳ್ಳುವ ಷರತ್ತು ಬರೆದವರಿದ್ದರೆ ದಯವಿಟ್ಟು ಅದರ ಮಾದರಿ ಹಾಕಿ.

ಎರಡನೆಯದು, ಎಷ್ಟು ಹೊಗೆ ಕಡಿಮೆಯಾಯಿತು ಎಂದು ಹಡಗು ಕಂಪನಿ ಕೊಡುವ ಪ್ರಮಾಣಪತ್ರ. ದುಡ್ಡು ಕಟ್ಟಿದ ಮಾತ್ರಕ್ಕೆ ನಮ್ಮ ಕಂಟೇನರ್ ಹೊತ್ತ ಹಡಗಿಗೇ ಆ ಇಂಧನ ತುಂಬುತ್ತಾರೆ ಅಂತಲ್ಲ. ಕಂಪನಿ ಬೇರೆ ಹಡಗಿನಲ್ಲಿ ಉರಿಸಿ, ಹೊಗೆಯ ಉಳಿತಾಯವನ್ನು ನಮ್ಮ ಲೆಕ್ಕಕ್ಕೆ ಬರೆಯಬಹುದು. ಅದು ತಪ್ಪಲ್ಲ, ಆದರೆ ಅದೇ ಉಳಿತಾಯ ಇನ್ನೊಬ್ಬರಿಗೂ ಮಾರಾಟವಾದರೆ ಎಲ್ಲ ಲೆಕ್ಕವೂ ಸುಳ್ಳು. ಇಂಧನದ ಕಚ್ಚಾವಸ್ತು, ಉರಿಸಿದ ಅವಧಿ, ಇಂಧನದ ಉತ್ಪಾದನೆಯಿಂದ ಹಿಡಿದು ಹೊಗೆಯ ಲೆಕ್ಕ ಹಾಕಿದ್ದಾರೋ ಇಲ್ಲವೋ, ಇಷ್ಟಾದರೂ ಪತ್ರದಲ್ಲಿ ಇರಲೇಬೇಕು. ಎಲ್‌ಎನ್‌ಜಿ (ದ್ರವ ನೈಸರ್ಗಿಕ ಅನಿಲ) ಉರಿಸುವ ಹಡಗಾದರೆ ಎಂಜಿನ್ನಿನಿಂದ ಉರಿಯದೆ ಸೋರುವ ಮೀಥೇನ್ ಸೇರಿದೆಯೇ ಅಂತಲೂ ನೋಡಬೇಕು. ಒಂದೆರಡು ಕಂಟೇನರ್‌ಗೆ ಇಂಥ ಪತ್ರ ಫಾರ್ವರ್ಡರ್ (ಸರಕು ಸಾಗಣೆಯ ಏಜೆಂಟ್) ಮೂಲಕ ರಫ್ತುದಾರನ ಹೆಸರಿಗೇ ಸಿಗುತ್ತದೆಯೇ?

ಇಂಧನಕ್ಕೆ ಹೆಚ್ಚು ದುಡ್ಡು ಕಟ್ಟದೆ ಆಗುವ ಕೆಲಸವೂ ಇದೆ: ಒಂದೇ ಕಂಟೇನರ್‌ನಲ್ಲಿ ಹೆಚ್ಚು ಕಾಫಿ ತುಂಬಿ, ಕೆಜಿಗೆ ಬೀಳುವ ಹೊಗೆ ಇಳಿಸುವುದು. 20 ಅಡಿ ಕಂಟೇನರ್‌ಗೆ 60 ಕೆಜಿಯ 320 ಗೋಣಿಚೀಲ ಹಾಕಿದರೆ 19.2 ಟನ್; ಲೈನರ್ (ಕಂಟೇನರ್ ಒಳಗೆ ಹಾಸುವ ದೊಡ್ಡ ಚೀಲ) ಹಾಕಿ ಬಿಡಿಯಾಗಿ ತುಂಬಿದರೆ ಸುಮಾರು 21 ಟನ್. ಆದರೆ ಬೀಜ ಸರಿಯಾಗಿ ಒಣಗದಿದ್ದರೆ ದಾರಿಯಲ್ಲಿ ಕಂಟೇನರ್ ಚಾವಣಿ ಬೆವರಿ ಬೂಷ್ಟು ಹಿಡಿಯುತ್ತದೆ. ಲೈನರ್ ಬಳಸುವವರು ತೇವ ಹೀರುವ ಚೀಲಗಳನ್ನು ಎಲ್ಲಿ, ಎಷ್ಟು ನೇತುಹಾಕುತ್ತೀರಿ ಎಂದೂ ತಿಳಿಸಿ.

ಯುರೋಪಿನ ಇಂಗಾಲ ಶುಲ್ಕ 2024ರಿಂದ ಹಡಗುಗಳಿಗೂ ಬಂದಿದೆ. ಹಡಗು ಬಾಡಿಗೆಯ ಬಿಲ್ಲಿನಲ್ಲಿ ಅದನ್ನು ಬೇರೆ ಸಾಲಾಗಿ ತೋರಿಸಿರುವ ಪ್ರತಿಯಿದ್ದರೆ, ಹೆಸರು ಅಳಿಸಿ ಹಾಕಿ.