ಫೆರರ್ ಮೇಷ್ಟ್ರ ಫಾರ್ವರ್ಡ್, ಮನೆಮಂದಿಯ ಜಟಾಪಟಿ

ದೊಡ್ಡಪ್ಪ: (ಫಾರ್ವರ್ಡ್ ಮಾಡಲಾಗಿದೆ) ಪರೀಕ್ಷೆಯೇ ಬೇಡ ಎಂದಿದ್ದಕ್ಕೆ ಗುಂಡಿಗೆ ಬಲಿಯಾದ ಸ್ಪೇನ್‌ನ ಮೇಷ್ಟ್ರು ಫ್ರಾನ್ಸಿಸ್ಕೊ ಫೆರರ್! ಎಲ್ಲರೂ ತಪ್ಪದೆ ಓದಿ.

ಅತ್ತೆ: ಓದಿದೆ ಅಣ್ಣ. ಅರ್ಧ ನಿಜ, ಅರ್ಧ ಒಗ್ಗರಣೆ. 1901ರಲ್ಲಿ ಬಾರ್ಸಿಲೋನಾದಲ್ಲಿ ಆತ ತೆರೆದ ಶಾಲೆಯಲ್ಲಿ ಪರೀಕ್ಷೆ, ಬಹುಮಾನ, ಶಿಕ್ಷೆ ಯಾವುದೂ ಇರಲಿಲ್ಲ. ಆದರೆ ಕೊಂದದ್ದು ಅದಕ್ಕಲ್ಲ. 1909ರ ಜುಲೈನಲ್ಲಿ ಮೊರಾಕ್ಕೊ ಯುದ್ಧಕ್ಕೆ ಮೀಸಲು ಸೈನಿಕರನ್ನು ಕರೆದಾಗ ಆ ಊರು ದಂಗೆ ಎದ್ದಿತು, ಚರ್ಚುಗಳಿಗೆ ಬೆಂಕಿ ಬಿತ್ತು. ಅದಕ್ಕೆ ಈತನೇ ಸೂತ್ರಧಾರ ಎಂದು ಸೇನಾ ನ್ಯಾಯಾಲಯ ತೀರ್ಪಿತ್ತಿತು.

ಅಕ್ಕ: ಅದನ್ನು ತೀರ್ಪು ಎನ್ನುತ್ತೀರಾ ಅತ್ತೆ? ಅಕ್ಟೋಬರ್ 9ರಂದು ವಿಚಾರಣೆ, 13ರಂದು ಗುಂಡು! ಯುರೋಪಿನ ಬೀದಿಗಳಲ್ಲಿ ಪ್ರತಿಭಟನೆ ಎದ್ದು, ಅದೇ ತಿಂಗಳು ಪ್ರಧಾನಿ ಮೌರಾ ಕುರ್ಚಿ ಕಳೆದುಕೊಂಡರು.

ದೊಡ್ಡಪ್ಪ: ಅಂದರೆ ಶಾಲೆಯ ಮೇಲಿನ ಸಿಟ್ಟೇ ಕಾರಣ. ನಾನು ಕಳಿಸಿದ್ದು ಸರಿಯಾಗಿಯೇ ಇದೆ.

ಅತ್ತೆ: ಸಿಟ್ಟು ಇತ್ತು, ಒಪ್ಪುತ್ತೇನೆ. 1906ರಲ್ಲಿ ರಾಜನ ಮದುವೆ ಮೆರವಣಿಗೆಗೆ ಬಾಂಬ್ ಎಸೆದ ಮೊರಾಲ್ ಆ ಶಾಲೆಯ ಪ್ರಕಾಶನದಲ್ಲಿ ಕೆಲಸ ಮಾಡಿದವನು. ಫೆರರ್ ಒಂದು ವರ್ಷ ಜೈಲಿನಲ್ಲಿದ್ದು ಖುಲಾಸೆಯಾದ. ಶಾಲೆ ಮಾತ್ರ ಮತ್ತೆ ತೆರೆಯಲಿಲ್ಲ.

ಚಿಕ್ಕಮ್ಮ: ನನಗೆ ಹಿಡಿಸಿದ್ದು ಶುಲ್ಕದ ವಿಚಾರ. ತಂದೆ ತಾಯಿಯ ಶಕ್ತಿಗೆ ತಕ್ಕಷ್ಟು. ಬಡವರಿಗೆಂದೇ ಶಾಲೆ ತೆರೆದರೆ ಅವರು ಕಲಿಯುವುದು ಒಂದೋ ತಲೆಬಾಗುವುದನ್ನು, ಇಲ್ಲವೇ ದ್ವೇಷವನ್ನು ಎಂದು ಆತ ಹೆದರಿದ. ಹುಡುಗ ಹುಡುಗಿಯರನ್ನೂ ಒಂದೇ ತರಗತಿಯಲ್ಲಿ ಕೂರಿಸಿದ.

ಅತ್ತೆ: ಅಲ್ಲಿಯವರೆಗೆ ನನ್ನ ಕೈಯೂ ಮೇಲೆಯೇ. ತಕರಾರು ಪುಸ್ತಕದ್ದು. ಇರುವ ಪಠ್ಯಗಳೊಂದೂ ಯೋಗ್ಯವಲ್ಲ ಎಂದು ಗ್ರಂಥಾಲಯವೇ ಇಲ್ಲದೆ ಶಾಲೆ ಶುರುಮಾಡಿದ, ಆಮೇಲೆ ತಾನೇ ಅಚ್ಚು ಹಾಕಿಸಿದ. ಮಕ್ಕಳ ಪ್ರಬಂಧಗಳು ಶಾಲೆಯ ಪತ್ರಿಕೆಯಲ್ಲಿ ಬರುತ್ತಿದ್ದವು. ಮತಧರ್ಮದ ಬಗ್ಗೆ ಮೇಷ್ಟ್ರ ಅಭಿಪ್ರಾಯವನ್ನೇ ಆ ಪುಟ್ಟ ಕೈಗಳು ಬರೆದುಕೊಟ್ಟವು. ಇದನ್ನು ಸ್ವಾತಂತ್ರ್ಯ ಎನ್ನಲು ಮೂವತ್ತು ವರ್ಷ ಪಾಠ ಮಾಡಿದ ನನಗೆ ನಾಲಿಗೆ ಬರುವುದಿಲ್ಲ.

ಅಕ್ಕ: ಆಗ ಅಲ್ಲಿನ ಮಿಕ್ಕ ಶಾಲೆಗಳಲ್ಲಿ ಪಾದ್ರಿಗಳು ಮತಬೋಧೆಯ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಎದುರಿಗೆ ಒಂದು ದನಿಯಾದರೂ ಬೇಡವೇ?

ಅತ್ತೆ: ಬೇಕು. ಆ ದನಿ ಮೇಷ್ಟ್ರದ್ದಾಗಿರಲಿ, ಮಗುವಿನ ಬಾಯಲ್ಲಿ ಹೊರಡಿಸಬೇಡ.

ದೊಡ್ಡಪ್ಪ: ಪರೀಕ್ಷೆಯ ಮಾತೇ ಬಿಟ್ಟುಹೋಯಿತಲ್ಲ!

ಅತ್ತೆ: ಪರೀಕ್ಷೆ ಬೇಡವೆಂಬುದಕ್ಕೆ ನನ್ನ ವಿರೋಧವಿಲ್ಲ ಅಣ್ಣ. ಫಾರ್ವರ್ಡ್‌ನ ಮೊದಲ ಸಾಲನ್ನು ತಿದ್ದಿ ಕಳಿಸಿ, ನಾನೂ ನಾಲ್ಕು ಗುಂಪಿಗೆ ಹಂಚುತ್ತೇನೆ.